ಹೆಣ ಮಾಯವಾಗುವ ಹೊತ್ತು

ಖರಾಡಿಯ ಆಫೀಸಿನಲ್ಲಿ ನನಗೆ ಸಂಬಳ ಸಿಗುತ್ತಿದ್ದದ್ದು ಕೊಲ್ಲುವುದಕ್ಕೆ. ಮೊಬೈಲ್ ಗೇಮಿನಲ್ಲಿ ಕತ್ತಿ ಎಲ್ಲಿ ಬೀಳಬೇಕು, ರಕ್ತ ಎಷ್ಟು ಚಿಮ್ಮಬೇಕು, ಸತ್ತವನು ಎಷ್ಟು ಬೇಗ ಮಾಯವಾಗಬೇಕು, ಎಲ್ಲ ನನ್ನದೇ ತೀರ್ಮಾನ. ಹೆಣಗಳು ಬಿದ್ದುಕೊಂಡೇ ಇದ್ದರೆ ಫೋನ್ ನಿಧಾನವಾಗುತ್ತದೆ, ಅದಕ್ಕೇ ಮಾಯ. ಬಿಬವೇವಾಡಿಯ ಮನೆಯಲ್ಲಿ ಕೂತು ನಾನು ಆಫೀಸಿನವರಿಗೆ ಫೋನಿನಲ್ಲಿ "ಮೊದಲು ಕುತ್ತಿಗೆ ಕಡಿ, ಆಮೇಲೆ ಕಾಲು" ಎಂದು ಕೂಗಾಡಿದರೆ ಅವ್ವ ಓಡಿಬಂದು ಕಿಟಕಿ ಮುಚ್ಚುತ್ತಿದ್ದಳು. ನನಗೋ ಭಾರೀ ಹೆಮ್ಮೆ.

ನಾನು ಹೇಳಿದ ಸಾವುಗಳನ್ನು ಚಿತ್ರದಲ್ಲಿ ಆಡಿಸುತ್ತಿದ್ದವನು ಧಾರವಾಡದ ಹುಡುಗ, ನನಗಿಂತ ಚಿಕ್ಕವನು. ಒಂದು ಸಂಜೆ ಇಬ್ಬರೂ ಆಫೀಸಿನೆದುರು ಚಹಾ ಕುಡಿಯುತ್ತಿದ್ದೆವು. ದಾರಿಗೆ ಅಡ್ಡ ನಿಲ್ಲಿಸಿದ್ದ ಬೈಕನ್ನು ಸರಿಸಿ ಎಂದು ಅದರ ಮೇಲೆ ಕೂತಿದ್ದ ಇಬ್ಬರು ಅಪರಿಚಿತರಿಗೆ ಅವನು ಹೇಳಿದ. ಅಷ್ಟೇ. ಒಬ್ಬ ಅಂಗಿಯೊಳಗಿಂದ ಕೊಯ್ತಾ ಎಳೆದ, ಕಬ್ಬು ಕಡಿಯುವ ಮಚ್ಚು. ಮೊದಲ ಏಟು ಬಲ ಮುಂಗೈಗೆ, ಎರಡನೆಯದು ಕುತ್ತಿಗೆಯ ಬುಡಕ್ಕೆ.

ಅವನು ಬೀಳಲಿಲ್ಲ. ಹೆಗಲಿನ ಲ್ಯಾಪ್‌ಟಾಪ್ ಚೀಲ ತೆಗೆದು, ಒದ್ದೆಯಿಲ್ಲದ ಜಾಗ ಹುಡುಕಿ ಇಟ್ಟ. ಆಮೇಲೆ ಬಸ್ಸಿಗೆ ಕಾಯುವವನ ಹಾಗೆ ಕಟ್ಟೆಯ ಮೇಲೆ ಕೂತ. ನಾನು ದುಪಟ್ಟಾ ಮುದ್ದೆ ಮಾಡಿ ಅವನ ಕುತ್ತಿಗೆಗೆ ಒತ್ತಿ ಹಿಡಿದೆ. ಬಿಸಿ ರಕ್ತ ನನ್ನ ಮೊಣಕೈವರೆಗೆ ಇಳಿಯಿತು. ಸುತ್ತಲಿನವರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಆಗ ಅವರಿಗೆ ಮರಾಠಿಯಲ್ಲಿ ನಾನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

"ಅಕ್ಕಾರ, ಕೈ ತಗೀಬ್ಯಾಡ್ರಿ," ಅಂದ.

ರಿಕ್ಷಾದಲ್ಲೂ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ನನ್ನ ಬೆರಳುಗಳನ್ನು ಬಿಡಿಸಬೇಕಾಯಿತು. ಅವನು ಬದುಕಿದ.

ಕೆಲವು ದಿನಗಳ ಮೇಲೆ ಮ್ಯಾನೇಜರ್, ಹೆಣಗಳು ಇನ್ನೂ ಬೇಗ ಮಾಯವಾಗಲಿ ಎಂದ. ನನ್ನ ಪಿತ್ತ ನೆತ್ತಿಗೇರಿತು. ಕೀಬೋರ್ಡನ್ನು ಗೋಡೆಗೆ ಅಪ್ಪಳಿಸಿ ಹೊರಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಮನೆಯಲ್ಲಿ ಕೂತು ಕೋಟೆ, ರಾಕ್ಷಸರ ಕಾದಂಬರಿ ಬರೆದೆ. ಅದರಲ್ಲಿ ಹೆಬ್ಬಾಗಿಲ ಕಾವಲುಗಾರನೊಬ್ಬ ಕೊಚ್ಚಿಸಿಕೊಂಡು ಸಾಯುವುದಕ್ಕೆ ಇಡೀ ಅಧ್ಯಾಯ ಹಿಡಿಯುತ್ತದೆ. ಪ್ರಕಾಶಕರು ಪಟ್ಟು ಹಿಡಿದರು: ಒಂದೇ ಸಾಲಿನಲ್ಲಿ ಸಾಯಿಸಿ, ಇಲ್ಲವೇ ಬದುಕಿಸಿ, ಇಲ್ಲದಿದ್ದರೆ ಪುಸ್ತಕ ಆಗುವುದಿಲ್ಲ. ನನಗೂ ಅನುಮಾನ. ನಾನು ಕಣ್ಣಾರೆ ಕಂಡವನು ಬದುಕಿದ್ದಾನೆ, ಇವನನ್ನು ಯಾಕೆ ಕೊಲ್ಲುತ್ತಿದ್ದೇನೆ?

ಹಾಳೆಗಳನ್ನು ಹಿಡಿದು ಯೆರವಡಾದ ಅವನ ಮನೆಗೆ ಹೋದೆ. ಅವನ ಬಲಗೈಯಲ್ಲಿ ಈಗಲೂ ಮೌಸ್ ನಿಲ್ಲುವುದಿಲ್ಲ. ಓದಿ ಹೇಳಿದೆ. ಕಡಿದಾಗ ಮೊದಲು ಬರುವುದು ನೋವಲ್ಲ, ಚಳಿ, ಅದನ್ನು ಸೇರಿಸಿ ಎಂದ. ಹಾಳೆಗಳನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡು ಕೇಳಿದ, "ಇವನ ಹತ್ರ ಯಾರೂ ಬರಲಿಲ್ಲೇನ್ರಿ?"

ಇಲ್ಲ ಎಂದೆ. ಎಲ್ಲರೂ ಕೋಟೆಯ ಮೇಲೆ ನಿಂತು ನೋಡುತ್ತಿದ್ದರು.

"ಹಂಗಾರ ಸಾಯ್ತಾನ," ಅಂದ. "ಆದ್ರ ಒಂದು ಸಾಲಿನಾಗ ಸಾಯಂಗಿಲ್ರಿ, ಅಕ್ಕಾರ."