ದಾರ ಪೋಣಿಸಿಟ್ಟ ಸೂಜಿಗಳು

ಕಾಕಾ ತೀರಿಕೊಂಡ ಮೇಲೆ ಇವತ್ತು ಅವನ ಟ್ರಂಕು ತೆಗೆದೆ. ಬೇವಿನೆಲೆಯ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಅವನು ಗೊಬ್ಬೂರಿನ ಮನೆಯ ಕಟ್ಟೆಯ ಮೇಲೆ ಕೂತು ಹರಿದ ಅಂಗಿಯನ್ನು ತಾನೇ ಹೊಲಿದುಕೊಳ್ಳುತ್ತಿದ್ದ. ಮದುವೆಯಾಗದ ಮನುಷ್ಯ, ಯಾರನ್ನೂ ಒಂದು ಚರಗಿ ನೀರು ಕೇಳಿದವನಲ್ಲ. "ಸೂಜ್ಯಾಗ ದಾರ ಹಾಕ್ಲೇನು ಕಾಕಾ?" ಎಂದರೆ, "ಬಿಡವ್ವಾ, ನನಗ ಕಣ್ಣಿಲ್ಲೇನು?" ಎನ್ನುತ್ತಿದ್ದ.

ಟ್ರಂಕಿನ ತಳದ ಡಬ್ಬಿಯಲ್ಲಿ ಏಳೆಂಟು ಸೂಜಿಗಳಿದ್ದವು, ಎಲ್ಲಕ್ಕೂ ದಾರ ಪೋಣಿಸಿತ್ತು. ಅವನ ಬಾಲ್ಯದ ಗೆಳೆಯ ಶರಣಪ್ಪಜ್ಜ ಅದನ್ನು ಕಂಡು ಅತ್ತುಬಿಟ್ಟ.

"ನಾನೇ ಪೋಣ್ಸಿ ಕೊಡ್ತಿದ್ದೆ. ಅವಂಗ ಕಣ್ಣು ಕಾಣ್ದಂಗಾಗಿ ಭಾಳ ವರ್ಷ ಆಗಿತ್ತವ್ವಾ. ಮನ್ಯಾಗ ಹೇಳಬ್ಯಾಡ ಅಂತ ಆಣಿ ಹಾಕಿದ್ದ."

ಹೋದ ತಿಂಗಳಷ್ಟೇ ಕಾಕಾ ನನ್ನ ಮಗಳ ಮುಖವನ್ನು ಎರಡೂ ಕೈಯಿಂದ ಸವರಿ, "ಥೇಟ್ ನಿನ್ನಂಗ ಅದಾಳ ನೋಡು" ಎಂದಿದ್ದ.