ಟ್ರಂಕತ್ತೆಯ ವಕೀಲರು

ಮೊನ್ನೆ ಬಚ್ಚಲುಮನೆಯ ಮೇಲಿನ ಲಾಫ್ಟ್ ಖಾಲಿ ಮಾಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಹಳೆಯ ವಿಡಿಯೋ ಕ್ಯಾಸೆಟ್ಟುಗಳು ಸಿಕ್ಕಿದವು. ಟೇಪಿನ ಮೇಲೆಲ್ಲ ಬಿಳಿ ಬೂಷ್ಟು. ಮುಚ್ಚಳ ತೆಗೆದದ್ದೇ ತಡ, ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಅದರ ಅಡಿಯಲ್ಲಿ ಆಸ್ಪತ್ರೆಯ ಸಾಬೂನಿನ ವಾಸನೆಯೂ ಸ್ವಲ್ಪ ಇತ್ತು ಎಂದು ನನಗನ್ನಿಸಿತು. ನನ್ನ ಭ್ರಮೆಯೇ ಇರಬೇಕು... ಮಂಗಳೂರಿನ ಇಷ್ಟು ಮಳೆಗಾಲ ಕಂಡ ಮೇಲೂ ಅದು ಎಲ್ಲಿಂದ ಉಳಿದೀತು? “ಗುಜರಿಗೆ ಹಾಕು, ಈಗ ಡೆಕ್ ಎಲ್ಲಿದೆ ನೋಡ್ಲಿಕ್ಕೆ?” ಎಂದರು ನನ್ನವರು. ಹಾಕಿದೆ. ಹಾಕಿ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಸಿಸ್ಟರ್ ನೆನಪಾಗಿದ್ದರು.

ತೊಂಬತ್ತರ ದಶಕದಲ್ಲಿ ನಾವು ಸೌದಿಯ ಖಮೀಸ್ ಮುಶೈತ್‌ನಲ್ಲಿದ್ದೆವು. ನನ್ನವರು ಒಂದು ಕಂಪನಿಯಲ್ಲಿ ಅಕೌಂಟೆಂಟ್. ಕೆಳಗಿನ ಮನೆಯಲ್ಲಿ ಉಳ್ಳಾಲದ ಕಡೆಯ ಒಬ್ಬ ಭಾಬಿ, ಅವರ ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮೇಲಿನ ಮನೆಯಲ್ಲಿ ಸಿಸ್ಟರ್. ಕಾರ್ಕಳದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು, ಮದುವೆಯಾದವರಲ್ಲ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಇನ್ನೂ ಇಬ್ಬರು ನರ್ಸುಗಳ ಜೊತೆ ಮನೆ ಹಂಚಿಕೊಂಡಿದ್ದರು, ಆದರೆ ಡ್ಯೂಟಿ ಇಲ್ಲದ ಹೊತ್ತೆಲ್ಲ ನಮ್ಮಲ್ಲಿಯೇ. ಅವರ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಭಾಬಿಯ ಮಕ್ಕಳಿಗೂ ಅವರು ಸಿಸ್ಟರೇ, ಕೆಳಗಿನ ಬಕಾಲಾ ಎಂಬ ದಿನಸಿ ಅಂಗಡಿಯ ಯಮನಿ ಮುದುಕನಿಗೂ ಸಿಸ್ಟರೇ.

ನಿಜ ಹೇಳಬೇಕೆಂದರೆ ಶುರುವಿನಲ್ಲಿ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಬಂದವರು ನೆಟ್ಟಗೆ ಅಡುಗೆಮನೆಗೇ ಹೋಗುವುದು. ಹಾಲಿನ ಪಾತ್ರೆ ಎತ್ತಿ ಮೂಸುವುದು. “ಇದು ನಿನ್ನೆದ್ದಾ? ಎಸಿ ಮಾರಾಯ್ತಿ, ಮಗುವಿಗೆ ಕೊಡ್ಬೇಡ” ಎನ್ನುವುದು. ಪಾತ್ರೆ ಒರೆಸುವ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಮುಖ ನೋಡಿ, ತಾವೇ ಬಿಸಿನೀರಿಗೆ ಹಾಕುವುದು. ಇದು ನನ್ನ ಮನೆಯೋ ಇವರ ವಾರ್ಡೋ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮಗನಿಗೆ ಮೂರು ದಿನ ಬಿಡದ ಜ್ವರ ಬಂದಾಗ, ಡ್ಯೂಟಿ ಮುಗಿಸಿ ಬಂದ ಅದೇ ಬಟ್ಟೆಯಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರಲ್ಲ, ಆಮೇಲೆ ನನ್ನ ಉರಿ ಇಳಿಯಿತು. ಬಾಯಿ ಜೋರು, ಕೈ ಮೆದು. ಆ ಹೆಂಗಸು ಹಾಗೆ.

ಗುರುವಾರ ಸಂಜೆ ಮಗ್ರಿಬ್ ನಮಾಜು ಮುಗಿಸಿ ಭಾಬಿ ಮೇಲೆ ಬಂದರೆಂದರೆ ನಮ್ಮ ಸೀರಿಯಲ್ ಶುರು. ಆಗ ಊರಿನ ಟೀವಿಯಲ್ಲಿ ಒಂದು ಕೂಡು ಕುಟುಂಬದ ಕನ್ನಡ ಧಾರಾವಾಹಿ ಬರುತ್ತಿತ್ತು, ಮನೆಮನೆಯಲ್ಲೂ ಅದೇ ಮಾತು. ಮಂಗಳೂರಿನಲ್ಲಿದ್ದ ನನ್ನ ನಾದಿನಿ ಅದನ್ನು ರೆಕಾರ್ಡ್ ಮಾಡಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಊರವರು ನೋಡಿ ಮರೆತ ಮೇಲೆ ನಾವು ನೋಡುವುದು. ಆದರೂ ನಮಗೆ ಅದು ಅಂದಿನದೇ ಕಥೆ.

ಆ ಕಥೆಯಲ್ಲಿ ಒಬ್ಬಳು ಅತ್ತೆ. ಮನೆಯ ಯಜಮಾನನ ಅಕ್ಕ, ಗಂಡ ಇಲ್ಲದವಳು, ಬೇರೆ ಊರಿನಲ್ಲಿ ಎಲ್ಲಿಯೋ ಶಾಲೆಯ ಟೀಚರು. ನಾಲ್ಕೈದು ಕಂತಿಗೊಮ್ಮೆ ಕಬ್ಬಿಣದ ಟ್ರಂಕು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಂದಳೆಂದರೆ ಮುಗಿಯಿತು. ಜೋಕಾಲಿ ಯಾಕೆ ಬಿಚ್ಚಿದಿರಿ, ಉಪ್ಪಿನಕಾಯಿ ಭರಣಿ ಯಾರು ಮುಟ್ಟಿದ್ದು, ಸೊಸೆ ಇಷ್ಟು ಹೊತ್ತಿನ ತನಕ ಮಲಗುವುದೇ? ಎರಡು ಕಂತು ಜಗಳ, ಆಮೇಲೆ ಟ್ರಂಕು ಎತ್ತಿಕೊಂಡು ಬಸ್ಸು ಹತ್ತುವುದು. ನಾವು ಅವಳಿಗೆ ಟ್ರಂಕತ್ತೆ ಎಂದೇ ಹೆಸರಿಟ್ಟಿದ್ದೆವು. ಅವಳ ನೆರಳು ಬಾಗಿಲಲ್ಲಿ ಬಿದ್ದರೆ ಸಾಕು, “ಬಂತು ನೋಡಿ ಶನಿ!” ಎಂದು ಭಾಬಿ ನೆಲಗಡಲೆ ಸಿಪ್ಪೆಯನ್ನು ಟೀವಿಗೇ ಎಸೆಯುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ.

ಸಿಸ್ಟರ್ ಮಾತ್ರ ಬೈಯುತ್ತಿರಲಿಲ್ಲ. ಗೋಡೆಗೊರಗಿ, ಕಾಲು ಚಾಚಿ, ಪಾದ ಒತ್ತಿಕೊಳ್ಳುತ್ತ ನೋಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ, “ರಿವೈಂಡ್ ಮಾಡು” ಎಂದರು. ಮಾಡಿದೆ. ಟ್ರಂಕತ್ತೆ ಒಳಗೆ ಬಂದಳು, ಜಗಳ ಆಡಿದಳು.

“ನೋಡಿದ್ರಾ? ಬಂದಾಗಿಂದ ನಿಂತೇ ಇದ್ದಾಳೆ ಅವಳು. ಒಬ್ಬರಾದ್ರೂ ಕೂತ್ಕೊಳ್ಳಿ ಅಂದ್ರಾ? ಒಂದು ಲೋಟ ನೀರು?”

ನಾವು ಇನ್ನೊಮ್ಮೆ ತಿರುಗಿಸಿ ನೋಡಿದೆವು. ಹೌದು, ಯಾರೂ ಕೂರಿಸಿರಲಿಲ್ಲ. ಟ್ರಂಕು ಸಹ ಬಾಗಿಲ ಹತ್ತಿರವೇ ಇತ್ತು.

“ಕೂರಿಸಿದ್ರೆ ಅವಳು ಏಳುದುಂಟಾ?” ಎಂದರು ಭಾಬಿ. ಎಲ್ಲರೂ ನಕ್ಕೆವು. ಸಿಸ್ಟರೂ ನಕ್ಕರು. ಅಂದಿನಿಂದ ಅವರನ್ನು ಟ್ರಂಕತ್ತೆಯ ವಕೀಲರು ಎಂದು ಕಾಡಿಸುವುದು ನಮ್ಮ ಕೆಲಸವಾಯಿತು.

ವಕೀಲರಿಗೆ ಇನ್ನೊಂದು ಸಂಶಯವೂ ಇತ್ತು. ಟ್ರಂಕತ್ತೆ ಇದ್ದಲ್ಲೆಲ್ಲ ಚಿತ್ರ ಸ್ವಲ್ಪ ಹಾರುತ್ತಿತ್ತು. ಹಿತ್ತಲಲ್ಲಿ ಕಾಲು ಚಾಚಿ ಕೂತವಳು ಮರುಕ್ಷಣ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣೊರೆಸುತ್ತಿರುತ್ತಾಳೆ. “ನಡುವೆ ಎಂತದೋ ಉಂಟು ಮಾರಾಯ್ತಿ, ಸುಮ್ಮನೆ ಯಾರೂ ಹಾಗೆ ಅಳುದಿಲ್ಲ” ಎನ್ನುತ್ತಿದ್ದರು. ಟೇಪು ಹಳೆಯದು, ಅದಕ್ಕೇ ಹಾರುತ್ತದೆ ಎಂದು ನಾನು ಹೇಳಿಬಿಡುತ್ತಿದ್ದೆ.

ಅವರು ಯಾಕೆ ಇಷ್ಟು ತಲೆಕೆಡಿಸಿಕೊಳ್ಳುತ್ತಾರೆಂದು ತಿಳಿಯಲು ನನಗೆ ಸಮಯ ಹಿಡಿಯಿತು. ಊರಿನಲ್ಲಿ ಅವರು ಮನೆ ಕಟ್ಟಿಸಿದ್ದರು. ತಮ್ಮ, ತಮ್ಮನ ಹೆಂಡತಿ, ಎರಡು ಮಕ್ಕಳು ಅಲ್ಲಿದ್ದರು. ಮೇಲಂತಸ್ತಿನಲ್ಲಿ, ಕಿಟಕಿ ತೆಗೆದರೆ ಗದ್ದೆ ಕಾಣುವ ಕೋಣೆ ತನ್ನದು ಎಂದು ಎಷ್ಟೋ ಸಲ ವರ್ಣಿಸಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. ಹೋಗುವಾಗ ಸೂಟ್‌ಕೇಸಿಗೆ ಹಗ್ಗ ಬಿಗಿಯಲು ನಾವು ಮನೆಯವರೆಲ್ಲ ಸೇರುತ್ತಿದ್ದೆವು, ಅಷ್ಟು ತುಂಬುತ್ತಿದ್ದರು. ಒಮ್ಮೆ ಮಾತ್ರ ರಜೆ ಇನ್ನೂ ಇರುವಾಗಲೇ ವಾಪಸ್ಸು ಬಂದರು. ಆಸ್ಪತ್ರೆಯಲ್ಲಿ ಜನ ಕಡಿಮೆ, ಕರೆದರು ಎಂದರು. ಭಾಬಿ ನನ್ನನ್ನು ನೋಡಿದರು, ನಾನು ಭಾಬಿಯನ್ನು ನೋಡಿದೆ.

ಆ ವಾರ ಚಪಾತಿ ಲಟ್ಟಿಸುತ್ತ ಅವರೇ ಬಾಯಿಬಿಟ್ಟರು.

“ನನ್ನ ಕೋಣೆಯಲ್ಲಿ ಈಗ ಮಕ್ಕಳು ಓದುದು. ಓದ್ಲಿ, ಬೇಡ ಅನ್ಲಿಲ್ಲ. ನಾನು ಫ್ರಿಜ್ಜಿನಿಂದ ಹಳಸಿದ ಸಾಂಬಾರು ಎಸೆದೆ. ಅಷ್ಟಕ್ಕೆ ತಮ್ಮನ ಹೆಂಡ್ತಿ ಎರಡು ದಿನ ಮಾತಾಡ್ಲಿಲ್ಲ. ನನ್ನದೂ ತಪ್ಪುಂಟು. ಇಷ್ಟು ವರ್ಷ ವಾರ್ಡಿನಲ್ಲಿ ಇದ್ದವಳು, ಬಾಯಿ ಸುಮ್ಮನಿರುದಿಲ್ಲ.” ಲಟ್ಟಿಸಿದ್ದನ್ನು ತಿರುವಿ ಹಿಟ್ಟು ಉದುರಿಸಿದರು. “ನಾನು ಒಳಗೆ ಬಂದ್ರೆ ಅವರು ಮಾತು ನಿಲ್ಲಿಸ್ತಾರೆ ಮಾರಾಯ್ತಿ. ಅದೊಂದು ನನಗೆ ಆಗುದಿಲ್ಲ.”

ಅವರ ಕೈಯಿಂದ ಲಟ್ಟಣಿಗೆ ತೆಗೆದುಕೊಂಡು, “ನೀವು ಕೂತ್ಕೊಳ್ಳಿ ಸಿಸ್ಟರ್” ಎಂದೆ, ಅಷ್ಟೆ.

ಮರುವರ್ಷ ಅವರು ಕೆಲಸ ಬಿಡಲು ನಿರ್ಧರಿಸಿದರು. ಮಂಡಿ ನೋವು ಹೆಚ್ಚಿತ್ತು. ರಜೆಯಲ್ಲಿ ಹೋಗುವವಳು ನೆಂಟಳು, ಅದಕ್ಕೇ ಕಿರಿಕಿರಿ, ಖಾಯಂ ಹೋಗಿ ಕೂತರೆ ಎಲ್ಲರಿಗೂ ಅಭ್ಯಾಸವಾಗುತ್ತದೆ ಎಂಬುದು ಅವರ ಲೆಕ್ಕ. “ಬಾಯಿಗೆ ಬೀಗ ಹಾಕ್ತೇನೆ” ಎಂದು ನಮ್ಮ ಮುಂದೆ ತುಟಿಗೆ ಬೀಗ ತಿರುಗಿಸಿ ತೋರಿಸಿದರು. ಸಾಯುವ ತನಕ ಆ ಮನೆಯಲ್ಲಿ, ಆ ಕಿಟಕಿಯ ಹತ್ತಿರ ಇರಬೇಕು. ಅವರಿಗೆ ಬೇಕಾದದ್ದು ಅದೊಂದೇ, ಅದು ಆಗುತ್ತದೋ ಇಲ್ಲವೋ ಎಂಬ ಹೆದರಿಕೆಯೂ ಇತ್ತು.

ಖಾಯಂ ಊರಿಗೆ ಮರಳುವ ಎಕ್ಸಿಟ್ ವೀಸಾ ಆಯಿತು. ಬೀಳ್ಕೊಡಲು ನಾವೆಲ್ಲ ಹತ್ತಿರದ ಅಬಹಾ ಗುಡ್ಡದ ಮೇಲಿನ ಪಾರ್ಕಿಗೆ ಹೋದೆವು. ಮಂಜು ಬಂದು ಕಾರುಗಳೇ ಕಾಣದಷ್ಟಾಯಿತು. ಒಂದು ದೊಡ್ಡ ಮಂಗ ಭಾಬಿಯ ಬಿರಿಯಾನಿಗೆ ಕೈಹಾಕಲು ಬಂದು ಎಲ್ಲರೂ ಕಿರುಚಿ, ನಕ್ಕು ಸುಸ್ತಾದೆವು. “ಇನ್ನು ಟ್ರಂಕತ್ತೆಗೆ ವಕೀಲರು ಯಾರು?” ಎಂದರು ಭಾಬಿ. ನಗುತ್ತಲೇ ಇದ್ದ ಸಿಸ್ಟರ್ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮುಂದಿನ ಬೇಸಗೆಯಲ್ಲಿ ನಾವು ರಜೆಗೆ ಊರಿಗೆ ಬಂದೆವು. ಅಷ್ಟರಲ್ಲಿ ಸೀರಿಯಲ್ ಮುಗಿದಿತ್ತು. ಕಾಫಿ ಕುಡಿಯುತ್ತ ನಾದಿನಿಯನ್ನು ಕೇಳಿದೆ, ಆ ಟ್ರಂಕತ್ತೆ ಬಂದಾಗೆಲ್ಲ ಟೇಪು ಯಾಕೆ ಹಾರುತ್ತಿತ್ತು ಎಂದು.

“ಟೇಪು ಹಾರುದಲ್ಲ ಅತ್ತಿಗೆ, ನಾನೇ ಪಾಝ್ ಬಟನ್ ಒತ್ತುದು! ಜಾಹೀರಾತು ಬಂದ್ರೆ ಒತ್ತುದಿಲ್ವಾ, ಹಾಗೆ. ಆ ಹೆಂಗಸಿಗೆ ಸುಮ್ಮನೆ ಕ್ಯಾಸೆಟ್ ದಂಡ ಯಾಕೆ? ಜಗಳ ಇದ್ರೆ ಮಾತ್ರ ಬಿಡ್ತಿದ್ದೆ, ಅದೂ ಇಲ್ಲದಿದ್ರೆ ನಿಮಗೆ ಕಥೆ ಗೊತ್ತಾಗುದು ಹೇಗೆ?”

“ಒತ್ತಿದಾಗ ಅವಳು ಎಂತ ಮಾಡ್ತಿದ್ದಳು?”

“ಎಂತ ಇಲ್ಲಪ್ಪ. ಆ ಸಣ್ಣ ಹುಡುಗಿಗೆ ಜಡೆ ಹಾಕುದು... ರಾತ್ರಿಗೆಂದು ಎಲ್ಲರ ಹಾಸಿಗೆ ಬಿಡಿಸುದು... ಹಿತ್ತಲಲ್ಲಿ ಒಬ್ಬಳೇ ಕೂತು ತಮ್ಮನ ಹರಿದ ಅಂಗಿ ಹೊಲಿಯುದು. ಕಥೆಗೆ ಸಂಬಂಧವೇ ಇಲ್ಲ.”

“ಕೊನೆಗೆ ಅವಳು ಏನಾದಳು?”

ನಾದಿನಿ ಕಪ್ಪು ಕೆಳಗಿಟ್ಟಳು. “ಏನೂ ಆಗ್ಲಿಲ್ಲ. ಬರುದೇ ನಿಂತಿತು. ಮತ್ತೆ ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತಲಿಲ್ಲ.”

ಅವಳ ಮೇಲೆ ರೇಗಬೇಕೆನ್ನಿಸಿತು. ರೇಗಿ ಏನು ಪ್ರಯೋಜನ, ಪಾಪ, ನಮಗೆಂದೇ ಟೀವಿಯ ಮುಂದೆ ಕಾದು ಕೂತವಳು.

ಎರಡು ದಿನ ಬಿಟ್ಟು ಸಿಸ್ಟರ್ ಮನೆಗೆ ಹೋದೆ. ಚೆಂದದ ಮನೆ. ಅವರು ಮುಂದಿನ ಜಗಲಿಯಲ್ಲಿ, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಸೆರಗಿಗೆ ಪಿನ್ನು ಹಾಕಿ ನೆಟ್ಟಗೆ ಕೂತಿದ್ದರು, ಎಲ್ಲಿಗೋ ಹೊರಟವರ ಹಾಗೆ. ನನ್ನನ್ನು ಕಂಡು ಎದ್ದು ತಬ್ಬಿಕೊಂಡರು. ಚಾ ಮಾಡಲೆಂದು ಅವರು ಒಳಗೆ ಹೊರಟರೆ, “ನೀವು ಕೂತ್ಕೊಳ್ಳಿ ಅಕ್ಕಾ, ನಿಮಗೆ ಯಾಕೆ ಕಷ್ಟ” ಎಂದು ತಮ್ಮನ ಹೆಂಡತಿ ತಡೆದಳು. ಟ್ರೇಯಲ್ಲಿ ಎರಡು ಕಪ್ಪು, ಎರಡು ಬಿಸ್ಕತ್ತಿನ ತಟ್ಟೆ ಬಂದವು. ಒಂದು ನನಗೆ, ಒಂದು ಸಿಸ್ಟರ್‌ಗೆ. ಖಾಲಿ ಕಪ್ಪು ತೆಗೆಯಲು ಅವರು ಕೈಹಾಕಿದರೆ ಮತ್ತೆ ಅದೇ, “ಕೂತ್ಕೊಳ್ಳಿ ಅಕ್ಕಾ.” ಆಕೆ ಕೆಟ್ಟವಳೇನಲ್ಲ, ನಗುಮುಖದವಳು. ತನ್ನ ಅಡುಗೆಮನೆ ತನಗಿರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ನನಗೂ ಅನ್ನಿಸಿತ್ತಲ್ಲ. ಆದರೂ ಆ ಎರಡು ತಟ್ಟೆಗಳು ಇಬ್ಬರು ನೆಂಟರಿಗೆ ಇಟ್ಟ ಹಾಗಿದ್ದವು.

ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗೇಟಿನಾಚೆಯಿಂದ ಕೂಗಿದಳು. “ಸಿಸ್ಟರೇ, ಇನ್ನು ಯಾವಾಗ ಹೋಗುದು?”

“ನೋಡುವಾ, ನೋಡುವಾ” ಎಂದರು ಸಿಸ್ಟರ್. ನನ್ನ ಕಡೆ ತಿರುಗಿ, “ಬಂದಾಗಿಂದ ಇದೊಂದೇ ಪ್ರಶ್ನೆ ಇವರದ್ದು. ಖಾಯಂ ಬಂದದ್ದು ಅಂದ್ರೆ ನಂಬುದೇ ಇಲ್ಲ. ತಮ್ಮನ ಮಗಳೂ ಕೇಳ್ತಾಳೆ. ಅವಳಿಗೆ ಪಾಪ, ಹೋದವರು ಮಾತ್ರ ಚಾಕಲೇಟ್ ತರುದು ಅಂತ ಗೊತ್ತು” ಎಂದು ನಕ್ಕರು.

ನನಗೆ ತಡೆಯಲಾಗಲಿಲ್ಲ. ಅವರು ಕೇಳದೆಯೇ ಹೇಳಿಬಿಟ್ಟೆ. “ಸಿಸ್ಟರ್, ಸೀರಿಯಲ್ ಮುಗಿಯಿತಂತೆ. ಟ್ರಂಕತ್ತೆ ಕೊನೆಗೆ ಆ ಮನೆಯಲ್ಲೇ ಉಳಿದಳಂತೆ. ಎಲ್ಲರೂ ಸೇರಿ ಉಳಿಸಿಕೊಂಡರಂತೆ.”

“ಹೌದಾ?” ಎಂದರು. “ಒಳ್ಳೇದಾಯ್ತು.”

ನನ್ನನ್ನು ಬಿಡಲು ಬಸ್‌ಸ್ಟಾಪಿನ ತನಕ ಬಂದರು. ಬಸ್ಸು ದೂರದಲ್ಲಿ ಕಂಡಾಗ ನನ್ನ ಕೈ ಹಿಡಿದುಕೊಂಡರು.

“ನಮ್ಮ ಮನೆಯಲ್ಲಿ ಟೀವಿ ಇಲ್ವಾ ಮಾರಾಯ್ತಿ? ನಾನೇ ತೆಗೆದುಕೊಟ್ಟದ್ದು. ಕೊನೆಯ ಕಂತಿನ ತನಕ ನೋಡಿದ್ದೇನೆ.” ನನಗೆ ಮುಖ ಎತ್ತಲಾಗಲಿಲ್ಲ. “ಬೇಜಾರು ಮಾಡ್ಬೇಡ. ನೀನು ಹೇಳಿದ ಕಥೆಯೇ ಚಂದ ಉಂಟು. ಬರುವ ತಿಂಗಳು ಹೋಗ್ತೇನೆ. ಹಫ್ರ್ ಅಲ್ ಬಾತಿನ್‌ನಲ್ಲಿ ಒಂದು ಸಣ್ಣ ಕ್ಲಿನಿಕ್, ಮಾತಾಡಿ ಆಗಿದೆ.”

ಹಫ್ರ್ ಎಂದರೆ ಖಮೀಸಿನಿಂದ ದೇಶದ ಇನ್ನೊಂದು ತುದಿ. ಹಬ್ಬಗಳಿಗೆ ಫೋನು ಬರುತ್ತಿತ್ತು. ಇಲ್ಲಿ ಚಳಿ, ಇಲ್ಲಿ ಧೂಳು, ಮಗ ಸರಿಯಾಗಿ ಊಟ ಮಾಡ್ತಾನಾ, ಹಾಲು ಕುದಿಸಿ ಕೊಡು. ಊರಿಗೆ ರಜೆ ಹಾಕಿದ ಸುದ್ದಿ ಮಾತ್ರ ಬರಲಿಲ್ಲ. ಭಾಬಿ ಕೇಳಿದರೆ, “ತಮ್ಮನ ಮನೆಯವರು ಅಲ್ಲಿ ಸುಖವಾಗಿದ್ದಾರೆ, ಇರ್ಲಿ” ಎನ್ನುತ್ತಿದ್ದರಂತೆ.

ನಾವೂ ಎಕ್ಸಿಟ್ ಹೊಡೆಸಿ ಬಂದು ಎಷ್ಟೋ ಕಾಲವಾಯಿತು. ಈಗ ಖಮೀಸಿನ ಮಾತೆತ್ತಿದರೆ ಮಗನಿಗೆ ಆ ಮಂಗ ಮಾತ್ರ ನೆನಪು. ಜ್ವರ ಬಂದಾಗ ತಲೆಯ ಹತ್ತಿರ ಕೂತವರ ನೆನಪಿಲ್ಲ. ಅವನದ್ದೇನು ತಪ್ಪು, ಅಷ್ಟು ಸಣ್ಣವನಿದ್ದ... ನನಗಿದೆ. ನನ್ನ ಅಡುಗೆಮನೆಗೆ ನುಗ್ಗಿ ಬೈಯಲು ಈಗ ಯಾರೂ ಇಲ್ಲ, ಅದು ನನಗೆ ಬಹಳ ಕಷ್ಟವಾಗುತ್ತದೆ.

ಸಿಸ್ಟರ್ ಹಫ್ರ್‌ನಲ್ಲಿಯೇ, ಡ್ಯೂಟಿಯಲ್ಲಿದ್ದಾಗಲೇ ಎದೆನೋವು ಬಂದು ತೀರಿಹೋದರು. ನಾವಿನ್ನೂ ಖಮೀಸಿನಲ್ಲಿದ್ದೆವು, ಹೋಗಲಾಗಲಿಲ್ಲ. ದೇಹವನ್ನು ಊರಿಗೆ ತಂದರಂತೆ. ತಮ್ಮ ಮಗುವಿನ ಹಾಗೆ ಅತ್ತನಂತೆ, ತಮ್ಮನ ಹೆಂಡತಿಯನ್ನು ಹಿಡಿಯಲು ಇಬ್ಬರು ಬೇಕಾಯಿತಂತೆ. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅಂದು ಯಾರೂ ಕೇಳಿರಲಿಕ್ಕಿಲ್ಲ, ಸಿಸ್ಟರೇ, ಇನ್ನು ಯಾವಾಗ ಹೋಗುವುದು ಎಂದು.