ದಿನಕ್ಕೆ ದಿನ, ಆಳಿಗೆ ಆಳು

ಮೊನ್ನೆ ನಮ್ಮ ಮಂಡಿಗೆ ಬಂದ ಈರುಳ್ಳಿ ಚೀಲವೊಂದು ಇಳಿಸುವಾಗ ಹರಿಯಿತು. ಒಳಗೆ ಅರ್ಧಕ್ಕರ್ಧ ಹಸಿ ಮಾಲು. ಒಣಗಿಸದೆ, ಮಣ್ಣು ಕೊಡವದೆ ತುಂಬಿಬಿಟ್ಟಿದ್ದರು. ಬೇರೆ ದಿನವಾಗಿದ್ದರೆ ತಂದವನನ್ನು ಕೂರಿಸಿಕೊಂಡು ರೇಟು ಇಳಿಸುತ್ತಿದ್ದೆ. ಆವತ್ತು ಆ ಹಸಿ ಘಾಟು, ಅದಕ್ಕೆ ಅಂಟಿದ್ದ ನೆಂದ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ರೇಟಿನ ಮಾತು ಮರೆತೇಹೋಯಿತು. ಊರಿನ ಎದುರುಮನೆ ಅಕ್ಕ ಬಂದು ಮಂಡಿಯ ಮೆಟ್ಟಿಲ ಮೇಲೆ ಕುಂತಂತಾಯಿತು…

ನಾನು ಮಾತಿನಿಂದ ಮೇಲೆ ಬಂದವನು. ಹಿರಿಯೂರಿನ ಹೈವೇಯಲ್ಲಿ ನಿಂತ ಬಸ್ಸುಗಳ ಕಿಟಕಿಗೆ ಎಳನೀರು ಚಾಚುತ್ತಾ ಶುರು ಮಾಡಿದೆ. ಇವತ್ತು ತೆಂಗಿನಕಾಯಿ, ಈರುಳ್ಳಿ ಎರಡೂ ನನ್ನ ಮಂಡಿಯಲ್ಲಿ ತೂಗುತ್ತವೆ. ನಿಮಗೂ ಒಂದು ಮಾತು ಹೇಳಿಡುತ್ತೇನೆ: ಕೊಳ್ಳುವಾಗ ಮೊದಲು ರೇಟು ಹೇಳಬೇಡಿ, ವ್ಯವಹಾರ ಕುದುರದಿದ್ದರೆ ಎದ್ದು ನಿಧಾನಕ್ಕೆ ನಡೆಯಿರಿ. ಹತ್ತು ಹೆಜ್ಜೆಯೊಳಗೆ ಹಿಂದಿನಿಂದ ಕರೆಯುತ್ತಾರೆ. ಈ ವಿದ್ಯೆ ನನಗೆ ಎಲ್ಲ ಕಡೆಯೂ ಕೈಹಿಡಿದಿದೆ, ಅಕ್ಕನ ಮುಂದೆ ಒಂದು ಬಿಟ್ಟು.

ನಮ್ಮೂರು ಜವನಗೊಂಡನಹಳ್ಳಿಯಲ್ಲಿ ಅವಳಿಗೆ ಹೊಲವಿರಲಿಲ್ಲ. ಒಂದು ಸಣ್ಣ ಮನೆ, ಬಾಗಿಲಲ್ಲಿ ಕಟ್ಟಿದ ಮೇಕೆಗಳು, ಇಷ್ಟೇ. ಆದರೆ ಊರಿನ ಹೆಂಗಸರ ಮುಯ್ಯಾಳು ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇವತ್ತು ನೀವೆಲ್ಲ ನನ್ನ ಹೊಲಕ್ಕೆ ಬಂದು ಕಳೆ ಕೀಳುತ್ತೀರಿ, ಮುಂದೆ ನಾನು ಒಬ್ಬೊಬ್ಬರ ಹೊಲಕ್ಕೂ ಬಂದು ಒಂದೊಂದು ದಿನ ದುಡಿಯುತ್ತೇನೆ. ಕೂಲಿ ಇಲ್ಲ. ಮಧ್ಯಾಹ್ನದ ಊಟ ಹೊಲದವರದು. ಬೆಳಗಾದರೆ ಅಕ್ಕ ಮನೆಮನೆ ಬಾಗಿಲಲ್ಲಿ ನಿಂತು, ಇವತ್ತು ಇಂಥವರ ಹೊಲ ಬರ್ರಿ ಎಂದು ಕೂಗುತ್ತಿದ್ದಳು.

ನಾನು ಆ ತಂಟೆಗೇ ಹೋದವನಲ್ಲ. ಆಳು ಬೇಕಾದರೆ ಕೂಲಿ ಬಿಸಾಕಿ ಕರೆಯುತ್ತಿದ್ದೆ, ಸಂಜೆಗೆ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ಅಕ್ಕನ ಪದ್ಧತಿಯಲ್ಲಿರುವ ನಷ್ಟವನ್ನು ಬಿಡಿಸಿ ಹೇಳುವುದು ನನ್ನ ಧರ್ಮ ಎಂದೂ ತಿಳಿದಿದ್ದೆ.

"ಅಕ್ಕ, ಆ ಮುದುಕಿ ಒಂದು ಸಾಲು ಮುಗಿಸೋದ್ರೊಳಗೆ ಅವಳ ಸೊಸೆ ಮೂರು ಸಾಲು ಮುಗಿಸ್ತಾಳೆ. ಇಬ್ರದೂ ಒಂದೇ ದಿನ ಅಂದ್ರೆ ಹೆಂಗೆ?"

"ಸೊಸೆ ಮುದುಕಿ ಆಗೋದೇ ಇಲ್ವೇನಪ್ಪ?" ಅಂದಳು, ಮೇಕೆಗೆ ಸೊಪ್ಪು ಹಾಕುತ್ತಾ.

ಆಮೇಲೆ ನೋಟು ರದ್ದಾದ ವರ್ಷ ಬಂತು. ಆ ಸಲ ನಾನು ಊರಲ್ಲೇ ಹೊಲ ಗುತ್ತಿಗೆಗೆ ಹಿಡಿದು, ಇದ್ದಬದ್ದದ್ದೆಲ್ಲ ಈರುಳ್ಳಿಗೆ ಸುರಿದಿದ್ದೆ. ಕೀಳುವ ಹೊತ್ತಿಗೆ ಸರಿಯಾಗಿ ಕೈಯಲ್ಲಿದ್ದ ನೋಟು ನೋಟಾಗಿ ಉಳಿಯಲಿಲ್ಲ. ಬ್ಯಾಂಕಿನ ಮುಂದೆ ಜನವೋ ಜನ. ಹಳೇ ನೋಟಿಗೆ ಆಳು ಬರಲಿಲ್ಲ, ಯಾಕೆ ಬಂದಾರು? ಮೂಡಲ ದಿಕ್ಕಿಗೆ ಮೋಡ ಬೇರೆ ಕಟ್ಟುತ್ತಿತ್ತು. ಒಂದು ಸೋನೆ ಹಿಡಿದರೆ ಗೆಡ್ಡೆಯೆಲ್ಲ ಮಣ್ಣಲ್ಲೇ ಕೊಳೆತು, ನಾನು ಮತ್ತೆ ಬಸ್ಸಿನ ಕಿಟಕಿಗೆ ಎಳನೀರು ಚಾಚಬೇಕು.

ಅಕ್ಕನ ಬಾಗಿಲಿಗೆ ಹೋದೆ. ಮುಯ್ಯಾಳು ಬೇಕು ಅಂದೆ. ನೀನು ಯಾರ ಮುಯ್ಯಿ ಮಾಡಿದ್ದೀಯ ಎಂದು ಕೇಳಿದಳು. ಬ್ಯಾಂಕು ಸರಿಹೋದ ಮೇಲೆ ಎರಡರಷ್ಟು ಕೂಲಿ ಕೊಡುತ್ತೇನೆ ಅಂದೆ, ತಲೆ ಆಡಿಸಿದಳು. ಹಾಗಾದರೆ ಆಳಿಗೊಂದು ಚೀಲ ಈರುಳ್ಳಿ ಅಂದೆ.

"ಅದೂ ದುಡ್ಡೇ ಕಣೋ. ಬಣ್ಣ ಬೇರೆ ಅಷ್ಟೆ."

"ಸರಿ, ಮುಯ್ಯಿನೇ ತೀರಿಸ್ತೀನಿ. ನನ್ನ ಬದ್ಲಿ ಆಳು ಕಳಿಸ್ತೀನಿ."

"ನಿನ್ನ ಬದ್ಲಿ ಉಣ್ಣಾಕೂ ಆಳು ಇಟ್ಟೀಯೇನು?"

ಯಾರು ನನ್ನ ಹೊಲಕ್ಕೆ ಬರುತ್ತಾರೋ ಅವರ ಹೊಲದಲ್ಲಿ ನಾನೇ ಬಗ್ಗಬೇಕು. ಅವಳ ರೇಟು ಅದೊಂದೇ. ನಾನು ನನ್ನ ವಿದ್ಯೆ ತೆಗೆದೆ. ಎದ್ದು ನಿಧಾನಕ್ಕೆ ನಡೆದೆ. ಬೀದಿಯ ತಿರುವಿನವರೆಗೂ ಕಿವಿ ಹಿಂದಕ್ಕೇ ಇತ್ತು. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಅಕ್ಕ ಮೇಕೆಯ ಮೈಯಿಂದ ಉಣ್ಣೆ ಹುಳ ಹೆಕ್ಕುತ್ತಾ ಕುಂತಿದ್ದಳು. ಇಷ್ಟು ವರ್ಷದಲ್ಲಿ ಎದ್ದುಹೋದವನು ತಾನಾಗಿ ವಾಪಸ್ಸು ಬಂದು ಒಪ್ಪಿಕೊಂಡದ್ದು ಅವತ್ತೊಂದೇ ದಿನ.

ಮಾರನೇ ದಿನ ಬೆಳಗ್ಗೆಯೇ ಅಕ್ಕನೂ ಸೇರಿ ಹೆಂಗಸರು ಹೊಲಕ್ಕಿಳಿದರು. ಕಿತ್ತರು, ಸೊಪ್ಪು ಕೊಯ್ದರು, ಹೊತ್ತು ತಂದು ಶೆಡ್ಡಿನೊಳಗೆ ಹರವಿದರು. ಹೊಲ ಬರಿದಾಗುವ ಹೊತ್ತಿಗೆ ಸೋನೆ ಶುರುವಾಯಿತು. ಶೆಡ್ಡಿನ ತಗಡಿನ ಮೇಲೆ ಆ ಹನಿಗಳ ಸದ್ದು ಕೇಳುತ್ತಾ ನಾನು ಉಳಿದ ಗೆಡ್ಡೆ ಹರವಿದೆ…

ಇನ್ನು ತೀರಿಸುವ ಸರದಿ ನನ್ನದು. ಶೇಂಗಾ ಕಿತ್ತೆ, ರಾಗಿ ಕೊಯ್ದೆ. ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ. "ಸಾವ್ಕಾರ್ರೆ, ಗಿಡ ಕೀಳ್ರಿ, ಅದ್ರ ರೇಟು ಕೇಳ್ಬೇಡ್ರಿ" ಎಂದು ಹೆಂಗಸರು ನಗುತ್ತಿದ್ದರು. ಒಂದು ಸಾಲಿನ ಮುದುಕಿ ಎಂದು ಯಾರನ್ನು ಆಡಿಕೊಂಡಿದ್ದೆನೋ ಆಕೆ ಪಕ್ಕದ ಸಾಲಿನಲ್ಲಿ ನನ್ನನ್ನು ದಾಟಿ ಮುಂದೆ ಹೋದಳು. ಒಮ್ಮೆ ತಿರುಗಿ ನೋಡಿದಳು. ಸಂಜೆಗೆ ನನ್ನ ದಿನವೂ ಪೂರ್ತಿ ದಿನವೆಂದೇ ಲೆಕ್ಕವಾಯಿತು.

ಎಲ್ಲರದೂ ತೀರಿತು, ಅಕ್ಕನದು ಉಳಿಯಿತು. ಅವಳಿಗೆ ಹೊಲವಿಲ್ಲವಲ್ಲ. ಬೇರೆಯವರಿಂದ ಬರಬೇಕಾದ ದಿನಗಳನ್ನು ಅವಳು ಬಾಣಂತಿಯ ಹೊಲಕ್ಕೋ, ಕೈಮುರಿದುಕೊಂಡವಳ ಹೊಲಕ್ಕೋ ತಿರುಗಿಸುತ್ತಿದ್ದಳು. ಇದನ್ನು ನೋಡಿ ನನ್ನ ವ್ಯಾಪಾರದ ಬುದ್ಧಿ ಸುಮ್ಮನಿರಲಿಲ್ಲ. ಅಕ್ಕ, ಇದೂ ಕೈಯಿಂದ ಕೈಗೆ ಹೋಗುತ್ತೆ, ನೋಟಿಗೂ ಇದಕ್ಕೂ ಏನು ಫರಕು ಅಂದೆ.

"ನೋಟು ಪೆಟ್ಟಿಗೇಲಿಟ್ರೆ ನೀನು ಸತ್ರೂ ಇರ್ತೈತೆ. ಇದನ್ನ ಇಟ್ಕಂಡ್ರೆ ನಿನ್ ಜತೆಗೇ ಹೋಗ್ತೈತೆ. ಅದಕ್ಕೇ ಯಾರೂ ಇಟ್ಕಳಲ್ಲ."

ಇಡೀ ದೇಶ ಹೀಗೆ ದುಡ್ಡಿಲ್ಲದೆ ನಡೆದೀತಾ ಎಂದೂ ಕೇಳಿದ್ದೆ. ದೇಶದ ವಿಚಾರ ನನಗೆ ತಿಳಿಯದು, ಮುಖ ಗುರುತು ಸಿಗುವಷ್ಟು ದೂರ ನಡೆಯುತ್ತೆ ಅಂದಳು. ಆ ಮಾತನ್ನು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದೇನೆ. ಡೀಸೆಲ್ಲು, ಮಾತ್ರೆ, ಮೊಬೈಲು ಮುಖ ಗೊತ್ತಿಲ್ಲದವರಿಂದ ಬರುತ್ತವೆ, ಅಲ್ಲಿ ದುಡ್ಡು ಬೇಕೇ ಬೇಕು. ಅಕ್ಕನ ಲೋಕವೂ ಬರೀ ಬೆಲ್ಲವಲ್ಲ. ಒಂದು ಮನೆಯವರ ಜೊತೆ ಅವಳಿಗೆ ಮಾತು ಬಿಟ್ಟಿತ್ತು. ಅವರ ಬಾಗಿಲಲ್ಲಿ ಅವಳು ಕೂಗಲೇ ಇಲ್ಲ, ಅವರು ಕೂಲಿ ಕೊಟ್ಟೇ ಆಳು ಹುಡುಕಬೇಕಾಯಿತು. ದುಡ್ಡಿಗೆ ಯಾರ ಮೇಲೂ ಸಿಟ್ಟಿಲ್ಲ, ಅದರ ಗುಣ ಅದು. ಆದರೆ ಕೂಲಿ ಕೊಟ್ಟ ಸಂಜೆ ನೀವೂ ನಾನೂ ಒಬ್ಬರಿಗೊಬ್ಬರು ಮುಗಿದಂತೆ. ಮುಯ್ಯಿಯಲ್ಲಿ ಯಾರೋ ಒಬ್ಬರು ಯಾವಾಗಲೂ ಬಾಕಿ, ಹಾಗಾಗಿ ನಾಳೆ ಮುಖ ನೋಡಲೇಬೇಕು. ವ್ಯಾಪಾರಿಯ ಮಾತೆಂದು ತಿಳಿದು ಇದನ್ನು ಕಿವಿಗೆ ಹಾಕಿಕೊಳ್ಳಿ.

ನನ್ನ ದಿನವನ್ನು ಮಾತ್ರ ಅಕ್ಕ ಯಾರ ಹೊಲಕ್ಕೂ ತಿರುಗಿಸಲಿಲ್ಲ. ನಿಂದು ಇರಲಿ, ಬೇಕಾದಾಗ ಕೇಳ್ತೀನಿ ಅಂದಿದ್ದಳು. ಊರಿಗೆ ಹೋದಾಗಲೆಲ್ಲ ನಾನೇ ನೆನಪಿಸುತ್ತಿದ್ದೆ. ಹಬ್ಬಕ್ಕೆ ಸೀರೆ ಕೊಂಡುಹೋದರೆ ಸಂತೋಷದಿಂದ ತಗೊಂಡಳು. ತಗೊಂಡು, "ಇದು ಸೀರೆ. ದಿನ ಬೇರೆ" ಅಂದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ನಾನು ಹೊಸದುರ್ಗದ ಕಡೆ ಕಾಯಿ ಲೋಡು ಹಿಡಿಯಲು ಹೋಗಿದ್ದೆ. ಸುದ್ದಿ ಮುಟ್ಟಿ ಊರಿಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಬಾಗಿಲಲ್ಲಿ ಮೇಕೆಗಳಿರಲಿಲ್ಲ, ಯಾರೋ ಹೊಡಕೊಂಡು ಹೋಗಿ ತಮ್ಮ ಹಟ್ಟಿಯಲ್ಲಿ ಕಟ್ಟಿಕೊಂಡಿದ್ದರು. ಅವಳಿಗೆ ಕೊಡಬೇಕಾದ ದಿನ ನನ್ನಲ್ಲೇ ಉಳಿಯಿತು…

ಈಗ ನಮ್ಮೂರಲ್ಲಿ ಬೆಳಗ್ಗೆ ಕೂಗುವವರಿಲ್ಲ. ಟೆಂಪೋ ಬರುತ್ತದೆ. ಹೆಂಗಸರು ಹತ್ತಿ ಬಬ್ಬೂರಿನ ಕಡೆ ತೋಟಗಳಿಗೆ ಹೋಗುತ್ತಾರೆ, ಸಂಜೆಗೆ ಕೂಲಿ ಕೈಗೆ ಬೀಳುತ್ತದೆ. ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಆದರೆ ಅದೇ ಹರಿದ ಚೀಲದ ದಿನ, ಊರಿಂದ ಬಂದವನೊಬ್ಬ ಒಂದು ಸುದ್ದಿ ಹೇಳಿದ. ಅಕ್ಕನ ಜೊತೆ ದುಡಿಯುತ್ತಿದ್ದವಳೊಬ್ಬಳು ಚಿತ್ರದುರ್ಗದಲ್ಲಿ ಆಪರೇಷನ್ ಆಗಿ ಮಲಗಿದ್ದಾಳಂತೆ. ಹೊಲದಲ್ಲಿ ಅವಳ ರಾಗಿ ಮಾಗಿ ತಲೆ ಬಾಗಿದೆ, ಮೋಡ ಆಗಿದೆ, ಕೊಯ್ಯುವವರಿಲ್ಲ.

ಆಳು ಕಳಿಸಿ ಕೂಲಿ ನಾನೇ ಕೊಡಬಹುದಿತ್ತು, ನನಗದು ಭಾರವಲ್ಲ. ಆದರೆ ಅದು ನನ್ನ ದಾನವಾಗುತ್ತಿತ್ತು, ಅಕ್ಕನ ದಿನವಾಗುತ್ತಿರಲಿಲ್ಲ. ಒಬ್ಬನೇ ಕೊಯ್ದು ಮುಗಿಸುವ ಹೊಲವೂ ಅಲ್ಲ. ಇವತ್ತು ಬೆಳಗ್ಗೆ ಮಂಡಿ ಬಾಗಿಲು ತೆರೆಯಲಿಲ್ಲ. ಕುಡುಗೋಲು ಹಿಡಿದು ಊರಿಗೆ ಹೋದೆ, ಬೀದಿಯ ಮೊದಲ ಮನೆ ಮುಂದೆ ನಿಂತು ಕೂಗಿದೆ. ಗಂಟಲು ನನ್ನದು ಅಂತ ನನಗೇ ಅನ್ನಿಸಲಿಲ್ಲ.

ಬುತ್ತಿ ಕಟ್ಟಿಕೊಂಡು ಟೆಂಪೋಗೆ ಹೊರಟಿದ್ದ ಹೆಂಗಸು ಹೊರಗೆ ಬಂದಳು. ರಾಗಿ ಕೊಯ್ಯಲು ಹೋಗಾಣ ಬರ್ರಿ ಎಂದು, ಯಾರ ಹೊಲವೆಂದೂ ಹೇಳಿದೆ.

"ಎಷ್ಟು ಕೊಡ್ತೀರಿ ಸಾವ್ಕಾರ್ರೆ?"

"ಒಂದಿನ" ಅಂದೆ.

ಆಕೆ ನನ್ನ ಮುಖ ನೋಡಿದಳು, ಕುಡುಗೋಲು ನೋಡಿದಳು. ಬೀದಿಯ ತುದಿಯಲ್ಲಿ ಟೆಂಪೋದ ಹಾರನ್ನು ಕೇಳಿಸಿತು. ಒಳಗೆ ಹೋದಳು, ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಅಲ್ಲಿಂದಲೇ ಪಕ್ಕದ ಮನೆಯವರನ್ನು ಕೂಗಿದೆ.